ಕಸದ ಗಾಡಿಯ ಮೋತಿ

ಗೇರು ಮೂರಕ್ಕೆ ಬಿತ್ತು. ನಾಲ್ಕಕ್ಕೆ ಏರಿತು. ಏರಿದ್ದೇ ತಡ ಮತ್ತೆ ಮೂರಕ್ಕೆ ಕುಸಿಯಿತು. ವಿದ್ಯಾಶ್ರೀ ಎಕ್ಸಲರೇಟರನ್ನು ಒತ್ತಲೂ ಇಲ್ಲ, ಬಿಡಲೂ ಇಲ್ಲ. ಪಾದವನ್ನು ಇದ್ದಲ್ಲೇ ಇಟ್ಟು ಹಲ್ಲು ಕಚ್ಚಿದಳು. ಹಿರೇವಡ್ಡಟ್ಟಿ ದಾಟಿದ ಮೇಲಿನ ಏರು ಅದು. ಏರು ಅನ್ನುವಂಥ ಏರೂ ಅಲ್ಲ, ಸೈಕಲ್ಲಿನವರು ಇಳಿಯದೆ ತುಳಿದುಕೊಂಡು ಹೋಗುವ ದಿಬ್ಬ. ಅಂಥದ್ದರಲ್ಲಿ ಮುಂಡರಗಿಯ ಕಸವನ್ನೆಲ್ಲ ಹೊಟ್ಟೆಗೆ ಅಮುಕಿಕೊಂಡ ಆ ಹಸಿರು ಲಾರಿ, ಬಿಕ್ಕಳಿಕೆ ಹಿಡಿದ ಕುಡುಕನ ಹಾಗೆ ಜಗ್ಗುತ್ತ, ತಡೆಯುತ್ತ, ಮತ್ತೆ ಜಗ್ಗುತ್ತ ಹತ್ತುತ್ತಿತ್ತು. ಪ್ರತಿ ಜಗ್ಗಿಗೂ ಹಿಂದಿನ ಡಬ್ಬಿಯಿಂದ ಕಸದ ರಸ ತುಳುಕಿ ರಸ್ತೆಗೆ ಬೀಳುವ ಸಪ್ಪಳ ಕೇಳುತ್ತಿತ್ತು.

“ನಿಲ್ಲಸವಾ,” ಅಂದಳು ಪಕ್ಕದಲ್ಲಿ ಕೂತ ಕರಿಯವ್ವ. ಕಸ ತುಂಬುವ ಕೆಲಸದವಳು, ವಿದ್ಯಾಶ್ರೀಯ ತಾಯಿಗಿಂತ ಹಿರಿಯಳು. “ಇದರ ಹೊಟ್ಟ್ಯಾಗ ಏನೋ ಕೆಟ್ಟೈತಿ.”

“ಇದರ ಹೊಟ್ಟ್ಯಾಗ ಊರಿಗೆ ಊರ ಕೆಟ್ಟೈತಿ, ಚಿಗವ್ವಾ. ಯಾವುದಂತ ಹುಡುಕಲಿ?”

ಎದುರಿನ ಫಲಕದಲ್ಲಿ ಎರಡು ಮುಳ್ಳುಗಳಿದ್ದವು. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಎಂದಿಗಿಂತ ತುಸು ಮೇಲಿತ್ತು, ಅಷ್ಟೇ. ಗೇರ್‌ಬಾಕ್ಸಿನ ಎಣ್ಣೆಯ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯನ್ನು ದಾಟಿ ಗೋಡೆಗೆ ಒರಗಿದಂತೆ ನಿಂತುಬಿಟ್ಟಿತ್ತು. ಆಮೇಲೆ ವಾಸನೆ ಬಂತು. ಕಸದ ವಾಸನೆಗೆ ಅವಳ ಮೂಗು ಯಾವತ್ತೋ ಸತ್ತುಹೋಗಿತ್ತು. ಇದು ಬೇರೆ, ವಾರಗಟ್ಟಲೆ ಅದೇ ಎಣ್ಣೆಯಲ್ಲಿ ಮಿರ್ಚಿ ಬಜಿ ಕರಿದ ಬಾಣಲೆಯನ್ನು ಮುಖದ ಹತ್ತಿರ ಹಿಡಿದ ಹಾಗಿನ ವಾಸನೆ. ಲಾರಿಯನ್ನು ರಸ್ತೆಯ ಅಂಚಿಗೆ ಎಳೆದು ನಿಲ್ಲಿಸಿ, ಕೆಳಗೆ ಜಿಗಿದು, ಕುಸುಬಿ ಹೊಲದ ಬದುವಿನ ಮೇಲೆ ಹೋಗಿ ನಿಂತಳು.

ಗದಗಿನ ಕಡೆ ಹೊರಟ ಕಾರೊಂದು ಪಕ್ಕಕ್ಕೆ ಬರುತ್ತಿದ್ದಂತೆ ಕಿಟಕಿಯ ಗಾಜು ಏರಿಸಿಕೊಂಡಿತು. ಒಳಗಿನ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು ವಿದ್ಯಾಶ್ರೀಯನ್ನು ನೋಡಿದಳು. ಕಸವನ್ನು ಇವಳೇ ಹೆತ್ತವಳು ಎಂಬಂಥ ನೋಟ.

ಕರಿಯವ್ವ ಲಾರಿಯ ಮುಂದಿನ ನೆರಳಿನಲ್ಲಿ ಕಾಲು ಚಾಚಿ ಕೂತು ಎಲೆಗೆ ಸುಣ್ಣ ಸವರುತ್ತ ಮೇಲೆ ನೋಡಿದಳು. “ನಾವಿಬ್ರು ಅಳಾಕತ್ತೀವಿ, ಸಾವಕಾರ ಮಾತ್ರ ನಗಾಕತ್ತಾನ ನೋಡು.”

ಗಾಜಿನ ಕೆಳಗಿನಿಂದ ಬಂಪರಿನವರೆಗೆ ಲಾರಿಯ ಮೋತಿಗೆ, ಅದರ ಮುಖಕ್ಕೆ, ಅಡ್ಡಲಾಗಿ ಬಿಗಿದಿದ್ದ ಫ್ಲೆಕ್ಸಿನಲ್ಲಿ ಗುತ್ತಿಗೆದಾರ ಅಂದಾನಪ್ಪ ಕೈ ಮುಗಿದು ನಗುತ್ತಿದ್ದ. ಹುಟ್ಟುಹಬ್ಬದ ಶುಭಾಶಯಗಳು, ಸ್ವಚ್ಛತೆಯ ಹರಿಕಾರ ಎಂದು ಅಕ್ಷರ. ಫ್ಲೆಕ್ಸ್ ಮಾಡಿದವನು ಆತನ ಮುಖವನ್ನು ತೊಳೆದು ತೊಳೆದು ಬೆಣ್ಣೆ ಬಣ್ಣಕ್ಕೆ ತಂದಿದ್ದ. ಕೆಳಗೆ ಸಾಲಾಗಿ ಶುಭ ಕೋರುವವರ ಸಣ್ಣ ಸಣ್ಣ ಮುಖಗಳಿದ್ದವು. ಹಿಂದಿನ ತಿಂಗಳ ಹುಟ್ಟುಹಬ್ಬ ಮುಗಿದು ಹೋಗಿದ್ದರೂ ಅವರು ಇನ್ನೂ ಕೋರುತ್ತಲೇ ಇದ್ದರು.

ಫೋನು ಬಂತು. ಗದಗಿನ ಯಾರ್ಡಿನ ಮೇಲ್ವಿಚಾರಕ ಮಹಾದೇವ.

“ಮತ್ತ ನಿಂತಿಯೇನು?”

“ನಾ ನಿಂತಿಲ್ಲ. ಗಾಡಿ ನಿಂತೈತಿ.”

“ಎರಡೂ ಒಂದ. ಶುಕ್ರವಾರ ಹುಬ್ಬಳ್ಳಿಯಿಂದ ಗೇರ್‌ಬಾಕ್ಸಿನಾಂವ ಬರ್ತಾನ. ಡ್ರೈವರ್ ತಪ್ಪು ಅಂತ ಅಂವ ಅಂದಾ ಅಂದ್ರ ನೀ ಸೀಟ್ ಬಿಟ್ಟು ಇಳೀಬೇಕು. ಸಾವಕಾರ್ರು ಹೇಳ್ಯಾರ. ನಾ ಅಂತೂ ಮೊದಲ ಹೇಳಿದ್ದೆ, ಕಂಡಕಿ ಸುತ್ತೂ ಕೈಗೆ ಲಾರಿ ಕೊಡಬ್ಯಾಡ್ರಿ ಅಂತ.”

ಆತ ಹಾಗೆ ಅಂದದ್ದು ಸುಳ್ಳಲ್ಲ. ಬೆಟಗೇರಿಯ ನೇಕಾರರ ಮನೆಯ ಹುಡುಗಿ ಅವಳು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಬೆಳೆದವಳು. ಮಗ್ಗ ನಿಂತ ಮೇಲೆ ಸೀರೆ ಅಂಗಡಿಯೊಂದರಲ್ಲಿ ದಿನವಿಡೀ ಸೀರೆ ಬಿಚ್ಚಿ, ಒಲ್ಲೆ ಎಂದು ಎದ್ದುಹೋದವರ ಸೀರೆಗಳನ್ನು ಮಡಚಿ ಇಡುವ ಕೆಲಸ ಮಾಡಿದಳು. ಆ ಅಂಗಡಿಯ ಮಾಲಕ ಗಿರಾಕಿಗಳ ಎದುರಿಗೆ ಅವಳನ್ನು ತಂಗಿ ಅನ್ನುತ್ತಿದ್ದ, ಗಿರಾಕಿ ಇಲ್ಲದಾಗ ಸೊಂಟ ನೋಡುತ್ತಿದ್ದ. ಹೆಂಗಸರಿಗೆ ದೊಡ್ಡ ಗಾಡಿ ಓಡಿಸಲು ಕಲಿಸುತ್ತಾರೆಂದು ಗೊತ್ತಾದಾಗ ಅವಳು ಮನೆಯಲ್ಲಿ ಕೇಳದೆ ಹೆಸರು ಬರೆಸಿದಳು. ಕಲಿತಳು. ಲಕ್ಷ್ಮೇಶ್ವರದ ಅಂದಾನಪ್ಪ ಸುತ್ತಲಿನ ನಾಲ್ಕು ಊರಿನ ಕಸದ ಗುತ್ತಿಗೆ ಹಿಡಿದು ಈ ಹೊಸ ಲಾರಿ ತಂದಾಗ, ಇದಕ್ಕೆ ಕ್ಲಚ್ಚಿಲ್ಲ, ಗೇರು ತಾನೇ ಬದಲಾಗುತ್ತದೆ, ಹೆಂಗಸೂ ಓಡಿಸಬಹುದು ಎಂದು ಯಾರೋ ಆತನ ಕಿವಿಯಲ್ಲಿ ಹಾಕಿದರು. ಮೊದಲ ದಿನ ಅಂದಾನಪ್ಪ ಅವಳಿಗೆ ಹಾರ ಹಾಕಿ ಪೇಪರಿನವರಿಗೆ ಫೋಟೊ ಕೊಟ್ಟ. ಫೋಟೊದಲ್ಲಿ ಲಾರಿ ಅರ್ಧ, ಆತ ಪೂರ್ತಿ, ಅವಳ ಒಂದು ಕಿವಿ.

ಆದರೂ ಸೀಟು ಸೀಟೇ. ಅಲ್ಲಿ ಕೂತರೆ ಊರಿನ ಯಾವ ಗಂಡಸಿನ ಕಣ್ಣೂ ಅವಳಿಗಿಂತ ಮೇಲಿರುತ್ತಿರಲಿಲ್ಲ. ಎಲ್ಲರ ತಲೆಯ ನಡುನೆತ್ತಿ ಕಾಣುತ್ತಿತ್ತು. ಬೋಳು, ಬಣ್ಣ ಹಚ್ಚಿದ್ದು, ಟೋಪಿ. ಆ ಎತ್ತರವನ್ನು ಬಿಟ್ಟು ಇಳಿದರೆ ಮತ್ತೆ ಆ ಅಂಗಡಿಯ ಗಾದಿಯ ಮೇಲೆ ಮೊಣಕಾಲೂರಿ, ಆ ಕಣ್ಣುಗಳ ಕೆಳಗೆ ಸೀರೆ ಬಿಚ್ಚಬೇಕು. ಅದನ್ನು ನೆನೆದರೆ ಕಸದ ಡಬ್ಬಿಯೊಳಗೆ ಮಲಗುವುದು ಲೇಸು ಅನ್ನಿಸುತ್ತಿತ್ತು.

ಹಾಗಾಗಿ ಅವಳು ತಾನೇ ಹುಡುಕಲು ಹೊರಟಿದ್ದಳು. ಈ ಗೇರ್‌ಬಾಕ್ಸಿನಲ್ಲಿ ಕೆಲಸವೆಲ್ಲ ಎಣ್ಣೆಯದು. ಇಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸುವುದು ಎಣ್ಣೆ, ಗೇರಿನ ಫಲಕಗಳನ್ನು ಒತ್ತಿ ಹಿಡಿಯುವುದೂ ಎಣ್ಣೆ. ಅದು ಕುದಿದು ನೀರಾದರೆ ಒತ್ತಲು ಬಲವಿಲ್ಲದೆ ಗೇರು ತೊದಲುತ್ತದೆ. ಇಷ್ಟನ್ನು ತರಬೇತಿಯಲ್ಲೇ ಹೇಳಿದ್ದರು. ಎಣ್ಣೆ ಯಾಕೆ ಕುದಿಯುತ್ತದೆ ಎನ್ನುವುದೇ ಪ್ರಶ್ನೆ.

ಮೊದಲು ಎಣ್ಣೆಯ ಮಟ್ಟ ನೋಡಿದಳು. ಮಹಾದೇವ ಬೆಳಿಗ್ಗೆ ಇಂಜಿನ್ ಬಂದ್ ಇದ್ದಾಗ, ತಣ್ಣಗಿದ್ದಾಗ ಕಡ್ಡಿ ಅದ್ದಿ ನೋಡಿ, ಜಾಸ್ತಿ ಐತಿ ಎಂದು ಒಮ್ಮೆ ಬಸಿದುಬಿಟ್ಟಿದ್ದ. ಈ ಎಣ್ಣೆಯನ್ನು ಇಂಜಿನ್ ತಿರುಗುತ್ತಿರುವಾಗ, ಬಿಸಿಯಾಗಿದ್ದಾಗ ನೋಡಬೇಕು ಎಂದು ಅವಳು ಹೇಳಿದ್ದಕ್ಕೆ, ಕಿವಿಯಲ್ಲಿ ಗಾಡಿಯ ಕೀಲಿ ತಿರುಗಿಸುತ್ತ, “ನಮ್ಮಪ್ಪನ ಕಾಲದಿಂದ ಎಣ್ಣಿ ತಣ್ಣಗಿದ್ದಾಗ ನೋಡ್ತೀವಿ” ಅಂದ. ಕಿವಿಯಿಂದ ತೆಗೆದ ಕೀಲಿಯನ್ನು ಪ್ಯಾಂಟಿಗೆ ಒರೆಸಿ ಅವಳ ಕೈಗೆ ಕೊಟ್ಟ. ಆಕೆ ಬಸಿದಷ್ಟನ್ನು ಮತ್ತೆ ಸುರಿದು ಮಟ್ಟ ಸರಿ ಮಾಡಿದಳು. ಬಿಸಿ ಇಳಿಯಲಿಲ್ಲ.

ಆಮೇಲೆ ವೀರು. ಮಧ್ಯಾಹ್ನದ ಪಾಳಿಯಲ್ಲಿ ಅದೇ ಲಾರಿ ಓಡಿಸುವವನು. ಅವಳನ್ನು ಸ್ಕೂಟಿ ಮೇಡಂ ಅನ್ನುತ್ತಿದ್ದ. ದಿನವಿಡೀ ಗುಟ್ಕಾ ಜಗಿದು, ನೀರಿನ ಬಾಟಲಿಯೊಂದಕ್ಕೆ ಉಗಿದು, ಆ ಬಾಟಲಿಯನ್ನು ಡ್ರೈವರ್ ಬಾಗಿಲಿನ ಜೇಬಿನಲ್ಲಿ ಬಿಟ್ಟು ಹೋಗುತ್ತಿದ್ದ. ಬೆಳಿಗ್ಗೆ ಅವಳು ಸೀಟಿಗೆ ಏರಿದರೆ ಮೊಣಕಾಲಿನ ಪಕ್ಕದಲ್ಲೇ ಆ ಕಂದು ಕೆಂಪು ನೀರು ಅಲುಗುತ್ತಿತ್ತು. ಮುಚ್ಚಳ ಎಂದೂ ಇರುತ್ತಿರಲಿಲ್ಲ. ಮೊದಮೊದಲು ಎಸೆಯುತ್ತಿದ್ದಳು, ಮರುದಿನ ಹೊಸದು. ಸ್ಟೇರಿಂಗಿನ ಮೇಲೂ ಅವನ ಬೆರಳಿನ ಸುಣ್ಣ.

ಒಂದು ಭಾನುವಾರ ಶಿರಹಟ್ಟಿಗೆ ಅವನ ಪಕ್ಕದಲ್ಲಿ ಕೂತು ಹೋದಳು. ಕಣ್ಣು ರಸ್ತೆಯ ಮೇಲಿಡದೆ ಅವನ ಕಾಲಿನ ಮೇಲಿಟ್ಟಳು. ಕಂಡೇಬಿಟ್ಟಿತು. ಜೀವಮಾನವಿಡೀ ಕ್ಲಚ್ ತುಳಿದ ಎಡಗಾಲಿಗೆ ಇಲ್ಲಿ ಕೆಲಸವಿಲ್ಲ. ಕೆಲಸವಿಲ್ಲದ ಕಾಲು ಹೋಗಿ ಬ್ರೇಕಿನ ಮೇಲೆ ಮಲಗಿತ್ತು. ಬಲಗಾಲು ಮುಂದಕ್ಕೆ ನೂಕುತ್ತಿದೆ, ಎಡಗಾಲು ಹಿಂದಕ್ಕೆ ಹಿಡಿದಿದೆ, ನಡುವೆ ಎಣ್ಣೆ ಕಡೆಗೋಲಿಗೆ ಸಿಕ್ಕ ಮೊಸರಿನಂತೆ ತಿರುಗಿ ತಿರುಗಿ ಕಾಯುತ್ತಿದೆ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಅವನ ಬಾಟಲಿಯ ಮೇಲೂ ಒಂದು ಕ್ಷಣ ಸಿಟ್ಟು ಬರಲಿಲ್ಲ.

“ಎಡಗಾಲು ತಗಿ,” ಅಂದಳು.

“ತಗದು ಎಲ್ಲಿಡ್ಲಿ? ನಿನ್ನ ತೊಡಿ ಮ್ಯಾಲ ಇಡ್ಲೇನು?”

“ಸೀಟಿನ ಕೆಳಗ ಮಡಚಿ ಇಡು. ಇಲ್ಲಾಂದ್ರ ಗೇರ್‌ಬಾಕ್ಸ್ ಸುಟ್ಟಿದ್ದು ಯಾರಿಂದಂತ ನಾಳೆ ಎಲ್ಲಾರ ಮುಂದ ಹೇಳ್ತೀನಿ.”

ಬಾಯಿತುಂಬ ಇದ್ದದ್ದನ್ನು ಬಾಟಲಿಗೆ ಉಗಿದು ಅವಳನ್ನು ದುರುಗುಟ್ಟಿ ನೋಡಿದನಾದರೂ ಅವನು ಕಾಲು ಮಡಚಿದ. ಚಪ್ಪಲಿ ಬಿಟ್ಟು, ಪದ್ಮಾಸನದ ಅರ್ಧದಂತೆ ಕಾಲನ್ನು ತೊಡೆಯ ಕೆಳಗೆ ಹುದುಗಿಸಿ ಓಡಿಸಿದ. ಮರುದಿನವೂ ಹಾಗೇ ಓಡಿಸಿದ. “ಜೋಮು ಹಿಡದು ಕಾಲು ನಂದ ಅಲ್ಲಾಂಗ ಆಗೈತಿ” ಎಂದು ಯಾರ್ಡಿನಲ್ಲಿ ಕುಂಟುತ್ತ ತಿರುಗಿದ. ಮುಳ್ಳು ಮಾತ್ರ ಕೆಂಪಿಗೆ ಹೋಗುವುದನ್ನು ಬಿಡಲಿಲ್ಲ. ಯಾರ ಪಾಳಿಯಾದರೂ ಸರಿ, ಯಾರ ಕಾಲಾದರೂ ಸರಿ. ಆ ಸಂಜೆ ಅವಳಿಗೆ ನಿರಾಶೆಯಾದದ್ದು ಗೇರ್‌ಬಾಕ್ಸ್ ಸರಿಯಾಗಲಿಲ್ಲ ಎಂದಲ್ಲ, ವೀರುವಿನ ತಪ್ಪು ಸಾಕಾಗಲಿಲ್ಲ ಎಂದು. ಅದು ಗೊತ್ತಾದಾಗ ತನ್ನ ಬಾಯಿಯೊಳಗೂ ಅವನ ಗುಟ್ಕಾದ ರುಚಿ ಬಂದಂತಾಯಿತು.

ಶುಕ್ರವಾರ ಹುಬ್ಬಳ್ಳಿಯಿಂದ ಕಿರಣಕುಮಾರ ಬಂದ. ಇಸ್ತ್ರಿ ಅಂಗಿ, ಲ್ಯಾಪ್‌ಟಾಪು, ಮೂಗಿಗೆ ಮಾಸ್ಕು. ಕ್ಯಾಬಿನ್ನಿನೊಳಗೆ ತಂತಿ ಸೇರಿಸಿ, ಪರದೆಯ ಮೇಲೆ ಓಡುವ ಅಂಕಿಗಳನ್ನು ನೋಡಿದ. ಕೆಲಸ ಗೊತ್ತಿದ್ದವನು, ಒಳಗಿನ ಫಲಕಗಳು ಸವೆದಿಲ್ಲ, ವಾಲ್ವುಗಳು ಸರಿ ಇವೆ, ಬಿಸಿಯೊಂದೇ ರೋಗ, ಉಳಿದದ್ದೆಲ್ಲ ಅದರ ಲಕ್ಷಣ ಎಂದು ಅವಳಿಗೆ ಬಿಡಿಸಿ ಹೇಳಿದ. ಹಳೆಯ ಎಣ್ಣೆಯನ್ನು ಬೆರಳಿಗೆ ಹಚ್ಚಿ ಮೂಸಿ ಮುಖ ಕಿವುಚಿದ. ಕೆಂಪಗಿರಬೇಕಾದದ್ದು ಖಾನಾವಳಿಯ ಚಹಾದ ಬಣ್ಣಕ್ಕೆ ಬಂದಿತ್ತು. ಕೊನೆಗೆ ಲಾರಿಯ ಮುಂದೆ ಹೋಗಿ ನಿಂತ. ಒಂದೇ ಬೆರಳಿನಿಂದ ಫ್ಲೆಕ್ಸಿನ ಕೆಳಗಿನ ಅಂಚನ್ನು ಎತ್ತಿ, ಬಗ್ಗಿ, ಒಳಗೆ ನೋಡಿದ. ಹಿಂದೆ ಅಂದಾನಪ್ಪನ ಕಾರು ಬಂದು ನಿಂತ ಸಪ್ಪಳವಾಯಿತು. ಕಿರಣಕುಮಾರ ಅಂಚನ್ನು ಮೆಲ್ಲಗೆ ಬಿಟ್ಟು, ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡ.

“ಏನ್ ಐತ್ರಿ ಇದರ ರೋಗ?” ಅಂದ ಅಂದಾನಪ್ಪ, ಅತ್ತರು ಹಚ್ಚಿದ ಕರವಸ್ತ್ರದ ಹಿಂದಿನಿಂದ.

“ಎಣ್ಣಿ ಸುಟ್ಟೈತ್ರಿ. ಎಣ್ಣಿ ಬದಲಿ ಮಾಡೀವಿ, ಫಿಲ್ಟರ್ ಬದಲಿ ಮಾಡೀವಿ. ಇನ್ನ...” ಕಿರಣಕುಮಾರ ಫ್ಲೆಕ್ಸಿನ ಮುಖವನ್ನು ನೋಡಿದ, ನಿಜವಾದ ಮುಖವನ್ನು ನೋಡಿದ, ಆಮೇಲೆ ತನ್ನ ಬೂಟುಗಳನ್ನು ನೋಡಿದ. “ಇನ್ನ ಡ್ರೈವಿಂಗ್ ಪದ್ಧತಿ ಸ್ವಲ್ಪ ಸುಧಾರಿಸಬೇಕಾಗತೈತ್ರಿ.”

ಮಹಾದೇವ ಚಪ್ಪಾಳೆ ಹೊಡೆಯುವುದೊಂದು ಬಾಕಿ. ಅಂದಾನಪ್ಪ ಅವಳ ಕಡೆ ತಿರುಗದೆ ಹೇಳಿದ: “ಭಾನುವಾರ ಬರ್ತೀನಿ. ಅಲ್ಲಿತನಕ ಹೊಸ ಎಣ್ಣಿ ಮ್ಯಾಲ ಓಡಸ್ಲಿ. ಮತ್ತ ಕಾದರ ಕೀಲಿ ಇಸಕೋತೀನಿ.”

ಶನಿವಾರ ಮುಂಡರಗಿಯ ಪಾಳಿ. ಹೊಸ ಎಣ್ಣೆ ಊರೊಳಗಿನ ಓಣಿಗಳನ್ನು ದಾಟುವ ತನಕ ತಾಳಿಕೊಂಡಿತು. ಕಸ ತುಂಬಿ, ಬಯಲಿಗೆ ಬಿದ್ದು ಗಾಳಿಯಂತ್ರಗಳ ಸಾಲು ಕಾಣುವ ಹೊತ್ತಿಗೆ ಮುಳ್ಳು ಏರತೊಡಗಿತು. ಮೂರು, ನಾಲ್ಕು, ಮೂರು. ಕರಿಯವ್ವ ಸೀಟಿನ ಅಂಚನ್ನು ಹಿಡಿದುಕೊಂಡಳು. ಅಷ್ಟರಲ್ಲಿ ಎದುರಿನಿಂದ ಬೀಸಿದ ಗಾಳಿಗೆ ಕೆಳಗೆಲ್ಲೋ ಹಗ್ಗ ಫಟ್ಟೆಂದು ಹರಿಯಿತು. ಫ್ಲೆಕ್ಸು ಬುಡದಿಂದ ಮೇಲೆದ್ದು ಗಾಜಿಗೆ ಅಪ್ಪಳಿಸಿ ಅಂಟಿಕೊಂಡಿತು.

ರಸ್ತೆ ಹೋಯಿತು. ಗಾಜಿನ ತುಂಬ ಅಂದಾನಪ್ಪ, ತಲೆಕೆಳಗಾಗಿ. ಮೀಸೆ ಮೇಲೆ, ಕಣ್ಣು ಕೆಳಗೆ, ಹಲ್ಲುಗಳು ಅವಳ ಹಣೆಯ ನೇರಕ್ಕೆ. ಬೆಣ್ಣೆ ಬಣ್ಣದ ಕೆನ್ನೆ ಗಾಜಿಗೆ ಒತ್ತಿ ಉಬ್ಬುತ್ತಿತ್ತು, ಇಳಿಯುತ್ತಿತ್ತು, ಒಳಗೆ ಬರಲು ಉಸಿರು ಕಟ್ಟಿ ತಳ್ಳುತ್ತಿರುವಂತೆ. ವಿದ್ಯಾಶ್ರೀ ಕೂಗಲಿಲ್ಲ. ಪಕ್ಕದ ಕಿಟಕಿಯಿಂದ ತಲೆ ಹೊರಹಾಕಿ, ರಸ್ತೆಯ ಅಂಚನ್ನು ನೋಡುತ್ತ, ಬ್ರೇಕನ್ನು ಮೆತ್ತಗೆ ಒತ್ತಿ ಲಾರಿಯನ್ನು ನಿಲ್ಲಿಸಿದಳು.

ಇಬ್ಬರೂ ಸೇರಿ ಫ್ಲೆಕ್ಸನ್ನು ಬಿಚ್ಚಿ ಮಡಚಿದರು. ಅದರ ಒಳಮೈಗೆ ಧೂಳು, ಹತ್ತಿಯ ಎಳೆ, ಎಣ್ಣೆಯ ಜಿಡ್ಡು ಸೇರಿ ಕಂಬಳಿಯಂಥ ಪದರ ಕಟ್ಟಿತ್ತು. ನಡುವೆ ಸತ್ತು ಒಣಗಿದ ಒಂದು ಹಲ್ಲಿ. ಕರಿಯವ್ವ ಫ್ಲೆಕ್ಸನ್ನು ತನ್ನ ಸೀಟಿನ ಮೇಲೆ ಹಾಸಿ ಕೂತಳು. “ಸಾವಕಾರನ ಮ್ಯಾಲ ಕುಂತೀನಿ ನೋಡು. ಭಾಳ ಮೆತ್ತಗದಾನ.”

ಮತ್ತೆ ಹೊರಟರು. ಅರ್ಧ ದಾರಿ ಸವೆದಿರಬೇಕು, ವಿದ್ಯಾಶ್ರೀಗೆ ಏನೋ ಇಲ್ಲ ಅನ್ನಿಸಿತು. ಏನು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಬಿಕ್ಕಳಿಕೆ ಇಲ್ಲ. ಮೂರರಿಂದ ನಾಲ್ಕು, ನಾಲ್ಕರಿಂದ ಐದು, ಎಣ್ಣೆ ಹಚ್ಚಿದ ಲಾಳಿಯಂತೆ ಜಾರಿ ಹೋಗುತ್ತಿದೆ. ಮುಳ್ಳು ಕೆಂಪನ್ನು ಬಿಟ್ಟು ಇಳಿದು, ನಡುವಿಗೆ ಬಂದು, ಅಲ್ಲೇ ನಿಂತಿದೆ. ಹಿರೇವಡ್ಡಟ್ಟಿಯ ದಿಬ್ಬವನ್ನು ಲಾರಿ ಉಸಿರೆತ್ತದೆ ಹತ್ತಿತು.

ಅವಳು ಎರಡು ಸಲ ನಿಲ್ಲಿಸಿ ಇಳಿದು ಮುಂದೆ ಹೋಗಿ ನೋಡಿದಳು. ಬಂಪರಿನ ಹಿಂದೆ, ಗ್ರಿಲ್ಲಿಗೆ ಅಂಟಿದ ಹಾಗೆ, ಗೇರಿನ ಎಣ್ಣೆಯನ್ನು ಆರಿಸುವ ಜಾಲರಿ. ಗಾಳಿ ಬಡಿದರೆ ಎಣ್ಣೆ ಆರುತ್ತದೆ, ಇಲ್ಲದಿದ್ದರೆ ಇಲ್ಲ. ಮೊದಲು ವಾರಕ್ಕೊಮ್ಮೆ ಅವಳೇ ಅದಕ್ಕೆ ನೀರು ಹೊಡೆದು ತೊಳೆಯುತ್ತಿದ್ದಳು. ಹುಟ್ಟುಹಬ್ಬದ ನಂತರ ಮಹಾದೇವ, ಸಾವಕಾರರ ಮುಖದ ಮೇಲೆ ನೀರು ಬೀಳಬಾರದು ಎಂದು ತಡೆದಿದ್ದ. ಅಷ್ಟೇ, ಅವಳು ಮರೆತುಬಿಟ್ಟಳು. ಗದಗಿನಲ್ಲಿ ಫ್ಲೆಕ್ಸುಗಳನ್ನು ಯಾರು ನೋಡುತ್ತಾರೆ? ಕಂಬಕ್ಕೆ, ಗೋಡೆಗೆ, ಬಸ್ ನಿಲ್ದಾಣಕ್ಕೆ, ಮರಕ್ಕೆ ಕೈ ಮುಗಿದ ಮುಖಗಳು; ಕಣ್ಣು ಅವನ್ನು ದಾಟಿ ಹೋಗುವುದನ್ನು ಕಲಿತಿದೆ. ದಾಟಿ ಹೋಗುವ ಕಣ್ಣು ಅದರ ಹಿಂದೆ ಮುಚ್ಚಿಹೋದದ್ದನ್ನೂ ದಾಟಿ ಹೋಗುತ್ತದೆ. ದಿನಾ ಬೆಳಿಗ್ಗೆ ಆ ಮುಖದ ಎದುರು ಹಾದುಹೋಗಿ ಏಣಿ ಹತ್ತಿದವಳು ತಾನೇ. ವೀರುವಿನ ಕಾಲನ್ನು ನೋಡಿದ ಕಣ್ಣು ಇದನ್ನು ನೋಡಲಿಲ್ಲ.

ಕಿರಣಕುಮಾರ ನೋಡಿದ್ದ. ಅವಳು ಅಲ್ಲಿಂದಲೇ ಫೋನು ಮಾಡಿದಳು.

“ನಿಮಗ ಗೊತ್ತಿತ್ತಲ್ಲ.”

“ಮೇಡಂ, ಸಾವಕಾರ್ರ ಮಾರಿ ಹರದು ಒಗೀರಿ ಅಂತ ನಾ ಹೆಂಗ ಬರೀಲಿ? ಮುಂದಿನ ವರ್ಷ ಇನ್ನೂ ಗಾಡಿ ತರಾವ್ರದಾರ. ನೀವ ಒಂದಿನ ಮೆಲ್ಲಕ ಬಿಚ್ಚಿಬಿಡ್ರಿ. ಗಾಳಿಗೆ ಹಾರಿತು ಅನ್ರಿ.”

“ನನ್ನ ಸೀಟ್ ಹೋಗತೈತ್ರಿ.”

“ನಾ ಡ್ರೈವಿಂಗ್ ಪದ್ಧತಿ ಅಂದೀನಿ. ಯಾರ ಹೆಸರೂ ಹೇಳಿಲ್ಲಲ್ರಿ,” ಅಂದ ಕಿರಣಕುಮಾರ. ಆ ಧ್ವನಿಯಲ್ಲಿ ನಾಚಿಕೆಯಿತ್ತು. ಇಸ್ತ್ರಿ ಮಾಡಿದ ನಾಚಿಕೆ.

ಯಾರ್ಡಿನಲ್ಲಿ ಮಹಾದೇವ ಮಡಚಿದ ಫ್ಲೆಕ್ಸನ್ನು ಕರಿಯವ್ವನ ಕೈಯಿಂದ ಕಸಿದುಕೊಂಡ. ಎಡ ಮೂಲೆಯ ಶುಭ ಕೋರುವವರಲ್ಲಿ ಅವನ ಮುಖವೂ ಇತ್ತು. ಮಡಿಕೆ ಸರಿಯಾಗಿ ಅದರ ಮೂಗಿನ ಮೇಲೆ ಬಿದ್ದಿತ್ತು. ವಿದ್ಯಾಶ್ರೀ ಜಾಲರಿಯನ್ನು ತೋರಿಸಿದಳು, ಮುಳ್ಳಿನ ಕತೆ ಹೇಳಿದಳು. ಅವನು ಕೇಳಿದ. ಅವನಿಗೆ ಅರ್ಥವೂ ಆಯಿತು, ಅದು ಕಣ್ಣಿನಲ್ಲೇ ಕಂಡಿತು. ಆಮೇಲೆ ತಂತಿ ತಂದು, ಈ ಸಲ ಹಗ್ಗದ ಬದಲು ತಂತಿಯಿಂದಲೇ, ಫ್ಲೆಕ್ಸನ್ನು ಗ್ರಿಲ್ಲಿಗೆ ಹೊಲಿದುಬಿಟ್ಟ.

“ನೀ ಹೇಳೂದು ಖರೆ ಇರಬಹುದು,” ಅಂದ ಇಕ್ಕಳ ತಿರುಗಿಸುತ್ತ. “ಅದನ್ನ ಸಾವಕಾರ್ರಿಗೆ ಹೇಳಾಕ ನನಗೇನು ಹುಚ್ಚು ಹಿಡದೈತೇನು?”

ಭಾನುವಾರ ಅಂದಾನಪ್ಪ ಬಂದ. ಬೆಳಿಗ್ಗೆ ಬೆಟಗೇರಿಯ ಕಸ ತುಂಬಿಕೊಂಡು ಬಂದ ಲಾರಿಯಿಂದ ಇನ್ನೂ ಹೊಗೆಯೇಳುತ್ತಿತ್ತು. ಆತ ಅಂಗೈ ಚಾಚಿದ.

“ಕೀಲಿ ಕೊಡ್ತೀನ್ರಿ,” ಅಂದಳು ವಿದ್ಯಾಶ್ರೀ. “ಅದಕ್ಕೂ ಮೊದಲ ಒಂದ್ಸಲ ಮ್ಯಾಲ ಹತ್ತಿ ಕುಂಡ್ರಿ. ಕುರ್ತಕೋಟಿ ರಸ್ತ್ಯಾಗ ಹೋಗಿ ಬರೂಣು.”

“ನಾ ಯಾಕ ಕುಂಡ್ರಲಿ?”

“ಗಾಡಿ ನಿಮ್ಮದಲ್ರಿ.”

“ಸಾವಕಾರ್ರು ವಾಸನಿಗೆ ಹೆದರತಾರವಾ, ಬಿಡು,” ಅಂದಳು ಕರಿಯವ್ವ, ಯಾರಿಗೋ ಹೇಳಿದಂತೆ. ಯಾರ್ಡಿನಲ್ಲಿದ್ದ ಕೆಲಸದವರು ನೆಲ ನೋಡಿದರು. ವೀರು ಕೂಡ ನೆಲ ನೋಡಿದ. ಅಂದಾನಪ್ಪ ಧೋತರ ಎತ್ತಿಕೊಂಡು ಏಣಿ ಹತ್ತಿದ.

ತನ್ನದೇ ಲಾರಿಯ ಕ್ಯಾಬಿನ್ನಿನಲ್ಲಿ ಆತ ಕೂತದ್ದು ಅದೇ ಮೊದಲು. ಎಲ್ಲಿಗೂ ಮೈ ತಗಲದ ಹಾಗೆ, ಗಾಳಿಯಲ್ಲಿ ಕೂತವನ ಹಾಗೆ ಕೂತಿದ್ದ. ಕರವಸ್ತ್ರದ ಅತ್ತರು ಕಸದ ವಾಸನೆಗೆ ಬೆರೆತು ಮೂರನೆಯದೊಂದು ವಾಸನೆ ಹುಟ್ಟಿತು, ಎರಡಕ್ಕಿಂತ ಹೊಲಸು. ಕರಿಮಣ್ಣಿನ ಹೊಲಗಳ ನಡುವೆ ಲಾರಿ ಬಿಕ್ಕಳಿಸತೊಡಗಿತು. ಅವಳು ಮುಳ್ಳು ತೋರಿಸಿದಳು. ಎರಡೂ ಕಾಲು ತೋರಿಸಿದಳು. ಎಡಗಾಲು ನೆಲದ ಮೇಲೆ ಸುಮ್ಮನಿತ್ತು. ಕುರ್ತಕೋಟಿಯ ಹತ್ತಿರ ನಿಲ್ಲಿಸಿ, ಇಕ್ಕಳ ಹಿಡಿದು ಇಳಿದು, ತಂತಿಗಳನ್ನು ಒಂದೊಂದಾಗಿ ಕತ್ತರಿಸಿದಳು. ಅಂದಾನಪ್ಪ ಗಾಜಿನ ಹಿಂದೆ ಕೂತು, ತನ್ನ ಮುಖ ಕೆಳಗೆ ಜಾರಿ, ನಾಲ್ಕಾಗಿ, ಎಂಟಾಗಿ ಮಡಚಿಕೊಳ್ಳುವುದನ್ನು ನೋಡಿದ. ಅವಳು ಅದನ್ನು ತಂದು ಆತನ ಪಾದದ ಹತ್ತಿರ ಇಟ್ಟಳು.

ಮರಳಿ ಹೊರಟರು. ಮುಳ್ಳು ಇಳಿಯಿತು. ಗೇರುಗಳು ತಮ್ಮ ಪಾಡಿಗೆ ಏರಿ ಇಳಿದವು. ಆತ ಮುಳ್ಳನ್ನೇ ನೋಡುತ್ತಿದ್ದ; ದಡ್ಡನಲ್ಲ, ನಾಲ್ಕು ಊರಿನ ಗುತ್ತಿಗೆ ದಡ್ಡರಿಗೆ ದಕ್ಕುವುದಿಲ್ಲ. ಯಾರ್ಡಿನ ಗೇಟು ಕಾಣುತ್ತಿದ್ದಂತೆ, “ಇಲ್ಲೇ ನಿಲ್ಲಸು,” ಅಂದ. ನಿಲ್ಲಿಸಿದಳು. ಆತ ತಾನೇ ಕೈ ಚಾಚಿ ಕೀಲಿ ತಿರುಗಿಸಿ ತೆಗೆದುಕೊಂಡ. ಇಂಜಿನ್ ಸುಮ್ಮನಾಯಿತು. ಹಿಂದೆ ರಸ ತೊಟ್ಟಿಕ್ಕುವ ಸಪ್ಪಳ.

“ಶಾಣ್ಯಾ ಅದೀ,” ಅಂದ. “ಆತು, ನನಗ ತಿಳೀತು. ಆದರ ಊರಾಗ ಏನಂತ ಹೇಳೂದು? ಅಂದಾನಪ್ಪನ ಮಾರಿ ಗಾಡಿ ಸುಟ್ಟಿತು ಅಂತ ಹೇಳೂದೇನು? ಲಕ್ಷ್ಮೇಶ್ವರದಿಂದ ಮುಂಡರಗಿತನಕ ಚಹಾದಂಗಡ್ಯಾಗ ಅದ ಮಾತಾಗತೈತಿ. ಡ್ರೈವರ್ ತಪ್ಪು ಅಂತ ನಾನ ಎಲ್ಲಾರಿಗೂ ಹೇಳೀನಿ. ಈಗ ಒಬ್ಬ ಡ್ರೈವರ್ ಬೇಕು.”

ಅವಳು ಸ್ಟೇರಿಂಗಿಗೆ ಅಂಟಿದ ಸುಣ್ಣವನ್ನು ಉಗುರಿನಿಂದ ಕೆರೆದಳು.

“ವೀರು ಬ್ರೇಕಿನ ಮ್ಯಾಲ ಎಡಗಾಲು ಇಡತಿದ್ದ, ಹೌದಲ್ಲೊ? ಮಹಾದೇವ ಹೇಳ್ಯಾನ, ನೀನ ಕಂಡುಹಿಡದಿ ಅಂತ.”

“ಇಡತಿದ್ದ. ಈಗ ಇಡೂದಿಲ್ಲ. ಬಿಸಿ ಅದರಿಂದ ಅಲ್ರಿ.”

“ಇಡತಿದ್ದನಲ್ಲ, ಅಷ್ಟ ಸಾಕು. ಸುಳ್ಳು ಹೇಳು ಅಂತ ನಾ ಅನ್ನಾಕತ್ತಿಲ್ಲ. ಈಗ ಒಳಗ ಹೋಗಿ ಎಲ್ಲಾರ ಮುಂದ ಅಷ್ಟ ಹೇಳು. ಅಂವ ಕೆಲಸ ಬಿಟ್ಟು ಹೋಗತಾನ. ಸೀಟು ನಿಂದ, ಎರಡೂ ಪಾಳಿಗೆ ಯಾರನ್ನ ಕುಂಡ್ರಸಬೇಕು ಅನ್ನೂದೂ ನಿಂದ. ಫ್ಲೆಕ್ಸ್ ಮುಂದ ಬ್ಯಾಡ, ಪಕ್ಕಕ್ಕ ಹಾಕೂಣು.” ಫೋನು ತೆಗೆದು, ಬೆರಳಿನಿಂದ ಸರಿಸಿ, ಅವಳ ಕಡೆ ಹಿಡಿದ. “ನಿಂದೂ ಫೋಟೊ ಹಾಕಸೂಣು, ನನ್ನ ಬಾಜೂಕ. ಮೊದಲನೇ ದಿನದ ಫೋಟೊ ಐತಲ್ಲ, ಅದನ್ನ ದೊಡ್ಡದು ಮಾಡಸ್ತೀನಿ.”

“ಹೇಳಲಿಲ್ಲಂದ್ರ?”

“ಹೇಳಲಿಲ್ಲಂದ್ರ ಹುಬ್ಬಳ್ಳಿಯಾಂವ ಹೇಳಿದ್ದು ಖರೆ ಆಗತೈತಿ. ಡ್ರೈವರ್ ಅಂದ್ರ ನೀನ.”

ಮೊಣಕಾಲಿನ ಪಕ್ಕದಲ್ಲಿ, ಬಾಗಿಲಿನ ಜೇಬಿನಲ್ಲಿ, ವೀರುವಿನ ಬಾಟಲಿ ಇತ್ತು. ಮುಚ್ಚಳವಿಲ್ಲದ್ದು, ಅರ್ಧ ತುಂಬಿದ್ದು. ಅವನು ಹೋದರೆ ಅದು ಹೋಗುತ್ತದೆ. ಸ್ಟೇರಿಂಗಿನ ಮೇಲಿನ ಸುಣ್ಣ, ಸ್ಕೂಟಿ ಮೇಡಂ, ತೊಡೆಯ ಮಾತು, ಎಲ್ಲ ಹೋಗುತ್ತದೆ. ಅವಳು ಅದನ್ನು ಬಯಸಿದ್ದಳೆ? ಬಯಸಿದ್ದಳು, ತಿಂಗಳುಗಟ್ಟಲೆ. ಅವನು ತೊಡೆಯ ಕೆಳಗೆ ಕಾಲು ಹುದುಗಿಸಿ, ಜೋಮು ಹಿಡಿದು, ಬೈಯುತ್ತ ಬೈಯುತ್ತ ಶಿರಹಟ್ಟಿಯ ತನಕ ಓಡಿಸಿದ್ದು ನೆನಪಾಯಿತು. ಆ ನೆನಪೂ ಹೇಸಿಗೆಯಾಗಿಯೇ ಬಂತು. ಅವನು ಬಿಟ್ಟ ಚಪ್ಪಲಿಯ ನಾತದೊಂದಿಗೆ.

ಫೋನಿನ ಪರದೆಯಲ್ಲಿ ಬೆಣ್ಣೆ ಬಣ್ಣದ ಮುಖ ನಗುತ್ತಿತ್ತು. ಅದರ ಪಕ್ಕದಲ್ಲಿ ಖಾಲಿ ಬಿಟ್ಟ ಒಂದು ಚೌಕ. ಆತ ಇನ್ನೊಂದು ಕೈಯಲ್ಲಿ ಕೀಲಿಯನ್ನು ಮುಂದೆ ಮಾಡಿದ, ಮಗುವಿಗೆ ಪೆಪ್ಪರಮಿಂಟು ಕೊಡುವವನ ಹಾಗೆ ಅಲುಗಿಸುತ್ತ. ಕೀಲಿಯ ತುದಿಗೆ ಮಹಾದೇವನ ಕಿವಿಯ ಹಳದಿ ಇನ್ನೂ ಅಂಟಿತ್ತು.

“ತಗೋ,” ಅಂದ.

“ಒಲ್ಲೆ,” ಅಂದಳು ವಿದ್ಯಾಶ್ರೀ.